ಯುರೋಪಿನ ಸುದ್ದಿಯನ್ನ ನೂರೈವತ್ತು ಪದಕ್ಕೆ ಇಳಿಸೋದು ಹೇಗೆ?

ಫಸ್ಟ್ ಸೆಮ್‌ನಲ್ಲಿ ಇಂಗ್ಲಿಷ್ ಅಸೈನ್‌ಮೆಂಟ್ ಅಂದ್ರೆ ನಮಗೆಲ್ಲ ಸ್ವಲ್ಪ ಸಲೀಸು. ಮ್ಯಾಥ್ಸ್, ಫಿಸಿಕ್ಸ್ ಮಧ್ಯ ಉಸಿರು ಬಿಡೋ ಜಾಗ ಅದು. 2024ರ ನವೆಂಬರ್‌ನಲ್ಲಿ ನಮ್ಮ ಮೇಡಂ ಕೊಟ್ಟ ಕೆಲಸ ಕೂಡ ಹಾಗೇ ಕಾಣ್ತಿತ್ತು. ಯಾವುದಾದರೂ ವಿದೇಶಿ ರಾಜಕೀಯ ಸುದ್ದಿ ಆರಿಸಿಕೊಳ್ಳಿ, ಪೂರ್ತಿ ಓದಿ, 150 ಪದದಲ್ಲಿ ಸಾರಾಂಶ ಬರ್ಕೊಂಡು ಬನ್ನಿ. ಅಷ್ಟೇ.

ಕ್ಲಾಸಿನ ಮುಕ್ಕಾಲು ಜನ ಅಮೆರಿಕದ ಚುನಾವಣೆ ತಗೊಂಡರು. ಟ್ರಂಪ್ ಆಗಷ್ಟೇ ಗೆದ್ದಿದ್ದರು, ಎಲ್ಲಿ ನೋಡಿದರೂ ಅದೇ ಸುದ್ದಿ. ನಾನು ಬೇರೆ ಒಂದು ಹಿಡಿದೆ. ದೊಡ್ಡ ಕಾರಣ ಏನಿಲ್ಲ, ಅದರೊಳಗೆ ಕಾಫಿ ಅನ್ನೋ ಪದ ಕಾಣಿಸ್ತು. ನಮ್ಮೂರು ಆಲೂರು ತಾಲ್ಲೂಕಿನ ಪಾಳ್ಯದ ಕಡೆ. ಮನೆಗೆ ಆರು ಎಕರೆ ತೋಟ, ಸಿಲ್ವರ್ ಓಕ್ ನೆರಳು, ಅದಕ್ಕೆ ಹಬ್ಬಿಸಿದ ಮೆಣಸು. ಗುಡ್ಡ ಹತ್ತಿ ನಿಂತರೆ ಸಕಲೇಶಪುರದ ಕಡೆಯ ಬೆಟ್ಟಸಾಲು ಕಾಣತ್ತೆ.

ಸುದ್ದಿ ಯುರೋಪಿಯನ್ ಪಾರ್ಲಿಮೆಂಟಿನ ಒಂದು ಮತದಾನದ್ದು. ಎರಡು ಸಲ ಓದಿದೆ, ಅರ್ಥ ಆಯ್ತು ಅನ್ನಿಸ್ತು, ಅರ್ಧ ಗಂಟೇಲಿ ಬರೆದು ಮುಗಿಸಿದೆ. ನನ್ನ ಮೊದಲ ಎರಡು ವಾಕ್ಯ ಕನ್ನಡದಲ್ಲಿ ಹೇಳೋದಾದ್ರೆ ಹೀಗಿತ್ತು: ‘ಯುರೋಪ್ ತನ್ನ ಅರಣ್ಯ ಕಾನೂನನ್ನು ದುರ್ಬಲಗೊಳಿಸಿ ಕೈಬಿಟ್ಟಿದೆ. ಇದರಿಂದ ಕಾಫಿ ಬೆಳೆಗಾರರಿಗೆ ನೆಮ್ಮದಿ ಸಿಕ್ಕಿದೆ.’

ಅದೇ ದಿನ ಸಂಜೆ ಅಪ್ಪ ಫೋನ್ ಮಾಡಿದ್ದರು. ಅರೇಬಿಕಾ ಕುಯ್ಲು ನಡೀತಿದ್ದ ಸಮಯ. ಮಾತಿನ ಮಧ್ಯ ನಾನು ಜಾಣತನ ತೋರಿಸ್ಕೊಂಡು ಹೇಳಿದೆ: ‘ಅಪ್ಪ, ಯುರೋಪಿನ ಆ ಕಾನೂನು ಬಿದ್ದೋಯ್ತಂತೆ.’

ಮುಂದಿನ ವಾರ ನಾವು ಕಾಫಿ ಕೊಡೋ ವ್ಯಾಪಾರಿಯ ಕಡೆಯಿಂದ ಒಬ್ಬ ಹುಡುಗ ತೋಟದ ಜಿಪಿಎಸ್ ಪಾಯಿಂಟ್ ತಗೊಳ್ಳೋಕೆ ಬಂದಿದ್ದನಂತೆ. ಅಪ್ಪ, ‘ಅದೆಲ್ಲ ಕ್ಯಾನ್ಸಲ್ ಆಯ್ತಲ್ಲಪ್ಪ, ನನ್ನ ಮಗ ಇಂಜಿನಿಯರಿಂಗ್ ಓದ್ತಾನೆ, ಅವನೇ ಹೇಳ್ದ’ ಅಂತ ವಾಪಸ್ ಕಳಿಸಿದ್ದರು. ಅಕ್ಕಪಕ್ಕದ ಇನ್ನೆರಡು ತೋಟದವರೂ ಅದೇ ಮಾತು ಹೇಳಿ ಕಳಿಸಿದರು. ಅವರಿಗೆ ಹೇಳಿದ್ದು ಅಪ್ಪ. ಅಪ್ಪನಿಗೆ ಹೇಳಿದ್ದು ನಾನು. ನನಗೆ ಹೇಳಿದ್ದು ಆ ವರದಿ ಅಂತ ನಾನು ಅಂದ್ಕೊಂಡಿದ್ದೆ. ಆದರೆ ವರದಿ ಹಾಗೆ ಹೇಳಿರಲೇ ಇಲ್ಲ.

ಇದು ಗೊತ್ತಾಗಿದ್ದು ಮೇಡಂ ನನ್ನ ಹಾಳೆ ವಾಪಸ್ ಕೊಟ್ಟಾಗ. ಗ್ರಾಮರ್‌ಗೆ ಒಂದೂ ಕೆಂಪು ಗೆರೆ ಇರಲಿಲ್ಲ. ಮಾರ್ಜಿನ್‌ನಲ್ಲಿ ಮೂರೇ ಪ್ರಶ್ನೆ: ಯಾರು? ಯಾವ ಹಂತ? ಯಾವತ್ತಿನಿಂದ? ಹತ್ತರಲ್ಲಿ ನಾಲ್ಕು ಮಾರ್ಕ್ಸ್.

ಈ ಲೇಖನ ಆ ಮೂರು ಪ್ರಶ್ನೆಗಳ ಬಗ್ಗೆ. ಈ ವರ್ಷ ಅದೇ ಅಸೈನ್‌ಮೆಂಟ್ ಬರೆಯೋ ಜೂನಿಯರ್‌ಗಳಿಗೆ ಉಪಯೋಗ ಆಗಬಹುದು. ಅಸೈನ್‌ಮೆಂಟ್ ಮುಗಿಸಿದ ಸೀನಿಯರ್‌ಗಳು ದಿನಾ ವಾಟ್ಸಾಪ್‌ನಲ್ಲಿ ಮನೆಗೆ ಸುದ್ದಿ ಹೇಳ್ತಿರ್ತೀವಲ್ಲ, ನಮಗೂ.

ಮೊದಲು ಕಾನೂನು ಏನು ಅಂತ ನೋಡೋಣ

ಯುರೋಪಿಯನ್ ಒಕ್ಕೂಟದಲ್ಲಿ 27 ದೇಶಗಳಿವೆ. 2023ರಲ್ಲಿ ಅವು ಸೇರಿ ಒಂದು ಕಾನೂನು ಮಾಡಿದವು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳು ಸರಕು ಮತ್ತು ಅವುಗಳಿಂದ ಮಾಡಿದ ವಸ್ತುಗಳನ್ನ ಯುರೋಪಿನಲ್ಲಿ ಮಾರಬೇಕಾದ್ರೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಅವು ಬೆಳೆದದ್ದಲ್ಲ ಅಂತ ತೋರಿಸಬೇಕು. ಬೆಳೆದ ದೇಶದ ಕಾನೂನನ್ನೂ ಪಾಲಿಸಿರಬೇಕು. ತೋರಿಸಬೇಕಾದವರು ಯುರೋಪಿನಲ್ಲಿ ಆ ಸರಕನ್ನ ಮಾರುಕಟ್ಟೆಗೆ ಇಳಿಸೋ ಕಂಪನಿಯವರು. ಅವರ ಕೈಲಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಇರಬೇಕು. ಹಾಗಾಗಿ ಅವರು ರಫ್ತುದಾರನ್ನ ಕೇಳ್ತಾರೆ, ರಫ್ತುದಾರ ವ್ಯಾಪಾರೀನ ಕೇಳ್ತಾನೆ, ವ್ಯಾಪಾರಿ ನಮ್ಮಪ್ಪನ್ನ ಕೇಳ್ತಾನೆ.

ಇದು ನಮಗ್ಯಾಕೆ ಮುಖ್ಯ? ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು, ಅದೂ ಕೊಡಗು, ಚಿಕ್ಕಮಗಳೂರು, ಹಾಸನ ಮೂರೇ ಜಿಲ್ಲೆಯಿಂದ. ಭಾರತದ ಕಾಫಿಯನ್ನ ಹೆಚ್ಚು ಕೊಳ್ಳೋ ದೇಶ ಇಟಲಿ, ಜರ್ಮನಿ ಕೂಡ ಮುಂಚೂಣಿಯಲ್ಲಿದೆ. ಅಂದ್ರೆ ಬ್ರಸೆಲ್ಸ್‌ನಲ್ಲಿ ಯಾರೋ ಕೈ ಎತ್ತಿದರೆ ಸಕಲೇಶಪುರದ ಗುಡ್ಡದಲ್ಲಿ ಯಾರೋ ಪಹಣಿ ಹುಡುಕಬೇಕಾಗತ್ತೆ. ವಿದೇಶಿ ರಾಜಕೀಯ ಅನ್ನೋದು ಎಷ್ಟು ವಿದೇಶಿ ಅಂತ ನನಗೆ ಆವತ್ತು ಅನುಮಾನ ಬಂತು.

ಆನೆ ಮೆಸೇಜ್ ನೋಡಿ ಕಲಿಯಿರಿ

ಆಲೂರು, ಸಕಲೇಶಪುರ ಕಡೆಯವರಿಗೆ ಆನೆ ಕಾಟ ಹೊಸದೇನಲ್ಲ. 2014ರಲ್ಲಿ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು, ಆದರೂ ಇವತ್ತಿಗೂ ಇವೆ. ಹಾಗಾಗಿ ಊರಿನ ಫೋನ್‌ಗಳಲ್ಲಿ ಆನೆ ಎಲ್ಲಿದೆ ಅಂತ ತಿಳಿಸೋ ಮೆಸೇಜ್ ಓಡಾಡ್ತಿರತ್ತೆ. ಅದರ ಧಾಟಿ ಹೀಗಿರತ್ತೆ: ‘ರಾತ್ರಿ 8, ಮೂರು ಆನೆ, ಒಂದು ಮರಿ, ಕೆರೆ ಕೆಳಗಿನ ತೋಟ, ರಸ್ತೆ ಕಡೆ ಬರ್ತಿವೆ.’

ಇದರಲ್ಲಿ ‘ಗಜಪಡೆಯ ದಾಂಧಲೆಗೆ ಬೆಚ್ಚಿಬಿದ್ದ ಜನ’ ಅಂತ ಯಾರೂ ಬರೆಯಲ್ಲ. ಆನೆ ಮಾನವ ಸಂಘರ್ಷದ ಇತಿಹಾಸವೂ ಇರಲ್ಲ. ಎಷ್ಟು, ಎಲ್ಲಿ, ಯಾವಾಗ, ಯಾವ ಕಡೆ, ಇಷ್ಟೇ. ಓದಿದವನು ಮುಂದಿನ ಹತ್ತು ನಿಮಿಷ ಏನು ಮಾಡಬೇಕು ಅನ್ನೋದು ಇದರಿಂದ ತೀರ್ಮಾನ ಆಗತ್ತೆ. ಒಂದು ವಿಷಯ ತಪ್ಪಾದರೂ, ಉದಾಹರಣೆಗೆ ‘ಬರ್ತಿವೆ’ ಬದಲು ‘ಹೋದವು’ ಅಂತ ಬರೆದರೆ, ಯಾರಾದರೂ ಬೈಕ್ ತೆಗೆದುಕೊಂಡು ಹೊರಡಬಹುದು.

ನಾನು ಮಾಡಿದ್ದು ಅದೇ ತಪ್ಪು. ಬರ್ತಿದ್ದ ಆನೇನ ಹೋಯ್ತು ಅಂತ ಬರೆದಿದ್ದೆ.

ಸಾರಾಂಶ ಅಂದ್ರೆ ಉದ್ದ ಇದ್ದದ್ದನ್ನ ಗಿಡ್ಡ ಮಾಡೋದು ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಆರುನೂರು ಪದದಲ್ಲಿ ನಾನೂರೈವತ್ತು ಕಿತ್ತು ಹಾಕಿದ್ರೆ ಆಯ್ತು ಅಂತ. ನಿಜವಾದ ಕೆಲಸ ಬೇರೆ. ಓದುಗ ಏನಾದ್ರೂ ತೀರ್ಮಾನ ತಗೊಳ್ಳಬೇಕಾದ್ರೆ ಯಾವ ಸಂಗತಿ ಕೈಬಿಡೋಹಾಗಿಲ್ಲ ಅಂತ ಪತ್ತೆ ಮಾಡೋದು. ಅದನ್ನ ಇಟ್ಟು, ಮಿಕ್ಕಿದ್ದನ್ನ ಜಾಗ ಇದ್ದರೆ ಮಾತ್ರ ಸೇರಿಸೋದು.

ಯಾವ ಹಂತ? ಮೆಟ್ಟಿಲು ಎಣಿಸಿ

ರಾಜಕೀಯ ಸುದ್ದಿಯಲ್ಲಿ ಅತಿ ಹೆಚ್ಚು ಎಡವೋದು ಇಲ್ಲೇ. ಯಾವ ಕಾನೂನೂ ಒಂದೇ ದಿನ ಆಗಲ್ಲ. ಯುರೋಪಿನಲ್ಲಿ ಮೆಟ್ಟಿಲು ಹೀಗಿದೆ: ಆಯೋಗ ಪ್ರಸ್ತಾವ ಇಡತ್ತೆ. ಪಾರ್ಲಿಮೆಂಟ್ ತನ್ನ ನಿಲುವು ಹೇಳತ್ತೆ. ಸದಸ್ಯ ದೇಶಗಳ ಮಂತ್ರಿಗಳ ಕೌನ್ಸಿಲ್ ತನ್ನ ನಿಲುವು ಹೇಳತ್ತೆ. ಎರಡೂ ಒಂದೇ ಪಠ್ಯಕ್ಕೆ ಒಪ್ಪಬೇಕು. ಆಮೇಲೆ ಅಧಿಕೃತ ಗೆಜೆಟ್‌ನಲ್ಲಿ ಅಚ್ಚಾಗತ್ತೆ. ಕೊನೆಗೆ, ಅದರಲ್ಲಿ ಬರೆದಿರೋ ದಿನಾಂಕದಿಂದ ಅನ್ವಯ ಆಗತ್ತೆ.

ನಮ್ಮಲ್ಲೂ ಹೆಚ್ಚುಕಮ್ಮಿ ಹೀಗೇ. ಕಂಪ್ಯೂಟರ್ ಸೈನ್ಸ್‌ನವರಿಗೆ ಗೊತ್ತಿರೋ ಉದಾಹರಣೆ ಕೊಡ್ತೀನಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದು 2023ರ ಆಗಸ್ಟ್‌ನಲ್ಲಿ. ಅದರ ನಿಯಮಗಳು ಹೊರಬಿದ್ದಿದ್ದು 2025ರ ನವೆಂಬರ್‌ನಲ್ಲಿ. ಮಧ್ಯದ ಎರಡು ವರ್ಷ ‘ಕಾನೂನು ಬಂತು’ ಅಂದವರೂ ಸರಿ, ‘ಇನ್ನೂ ಬಂದಿಲ್ಲ’ ಅಂದವರೂ ಸರಿ. ಹಂತ ಹೇಳದೆ ಇದ್ದರೆ ಇಬ್ಬರೂ ತಪ್ಪು.

ಈಗ ನನ್ನ ಸುದ್ದಿಗೆ ಬನ್ನಿ. ಅರಣ್ಯ ಕಾನೂನು ದೊಡ್ಡ ಕಂಪನಿಗಳಿಗೆ 2024ರ ಡಿಸೆಂಬರ್ 30ರಿಂದ ಅನ್ವಯ ಆಗಬೇಕಿತ್ತು. ಅಕ್ಟೋಬರ್‌ನಲ್ಲಿ ಆಯೋಗ ಒಂದು ವರ್ಷ ಮುಂದೂಡೋಣ ಅಂತ ಪ್ರಸ್ತಾವ ಇಟ್ಟಿತು. ನವೆಂಬರ್ 14ರಂದು ಪಾರ್ಲಿಮೆಂಟ್ ಮುಂದೂಡಿಕೆಗೆ ಹೂಂ ಅಂತು, ಜೊತೆಗೆ ತನ್ನದೇ ಕೆಲವು ತಿದ್ದುಪಡಿ ಸೇರಿಸ್ತು. ಅದರಲ್ಲಿ ಮುಖ್ಯವಾದದ್ದು ‘ಅಪಾಯವೇ ಇಲ್ಲದ ದೇಶಗಳು’ ಅನ್ನೋ ಹೊಸ ವರ್ಗ. ಆದರೆ ಇದು ಪಾರ್ಲಿಮೆಂಟಿನ ನಿಲುವು ಮಾತ್ರ, ಕೌನ್ಸಿಲ್ ಜೊತೆ ಮಾತುಕತೆ ಬಾಕಿ ಇತ್ತು. ಅಂದ್ರೆ ಆ ದಿನದ ಮಟ್ಟಿಗೆ ಹಳೇ ತಾರೀಕೇ ಚಾಲ್ತಿಯಲ್ಲಿತ್ತು. ಕಾನೂನಂತೂ ಎಲ್ಲೂ ಹೋಗಿರಲಿಲ್ಲ.

ಇದನ್ನ ನಾನು ಯಾಕೆ ತಪ್ಪಾಗಿ ಓದಿದೆ? ಇಂಗ್ಲಿಷ್ ಹೆಡ್‌ಲೈನ್‌ನ ಕ್ರಿಯಾಪದಗಳಿಂದ. ಪ್ರಪೋಸಸ್, ಬ್ಯಾಕ್ಸ್, ಅಪ್ರೂವ್ಸ್, ಅಡಾಪ್ಟ್ಸ್, ಎಲ್ಲಾ ವರ್ತಮಾನ ಕಾಲದಲ್ಲಿ ಒಂದೇ ಥರ ಕಾಣತ್ತೆ. ಪ್ರತಿಯೊಂದೂ ಬೇರೆ ಮೆಟ್ಟಿಲು. ಪ್ರಪೋಸಸ್ ಅಂದ್ರೆ ಮೊದಲ ಮೆಟ್ಟಿಲು, ಬ್ಯಾಕ್ಸ್ ಅಂದ್ರೆ ಬೆಂಬಲ ಸಿಕ್ಕಿದೆ ಅಷ್ಟೇ, ಅಡಾಪ್ಟ್ಸ್ ಅಂದ್ರೂ ಯಾರು, ಏನನ್ನ ಅಂಗೀಕರಿಸಿದರು ಅಂತ ನೋಡಬೇಕು. ನಾನು ವರದಿ ಓದೋವಾಗ ಈಗ ಒಂದು ಅಭ್ಯಾಸ ಇಟ್ಕೊಂಡಿದ್ದೀನಿ. ನೋಟ್‌ಬುಕ್ಕಿನ ಮೂಲೇಲಿ ಆರು ಮೆಟ್ಟಿಲು ಗೀಚಿ, ಸುದ್ದಿ ಯಾವುದರ ಮೇಲೆ ನಿಂತಿದೆ ಅಂತ ಒಂದು ಚುಕ್ಕೆ ಇಡೋದು. ಇಡೋಕೆ ಆಗಲಿಲ್ಲ ಅಂದ್ರೆ ಸುದ್ದಿ ಇನ್ನೂ ಅರ್ಥ ಆಗಿಲ್ಲ ಅಂತ ಲೆಕ್ಕ.

ಯಾರು? ಊರಿನ ಹೆಸರು ನಂಬಬೇಡಿ

‘ದೆಹಲಿ ಒಪ್ಪಿಲ್ಲ’ ಅಂದ್ರೆ ಕೇಂದ್ರ ಸರ್ಕಾರ ಅಂತ ನಮಗೆ ಗೊತ್ತು. ‘ವಿಧಾನಸೌಧದಲ್ಲಿ ಗುಸುಗುಸು’ ಅಂದ್ರೆ ಕಟ್ಟಡ ಮಾತಾಡಲ್ಲ ಅಂತಲೂ ಗೊತ್ತು. ವಿದೇಶಿ ಸುದ್ದಿಯಲ್ಲಿ ಈ ಅಡ್ಡಹೆಸರುಗಳು ಗೊತ್ತಾಗಲ್ಲ. ಬ್ರಸೆಲ್ಸ್ ಅಂದ್ರೆ ಬೆಲ್ಜಿಯಂ ಸರ್ಕಾರವೂ ಆಗಬಹುದು, ಯುರೋಪಿಯನ್ ಒಕ್ಕೂಟವೂ ಆಗಬಹುದು. ನಾನು ‘ಯುರೋಪ್’ ಅಂತ ಬರೆದಿದ್ದೆ. ಯುರೋಪ್ ಒಂದು ಖಂಡ, ಅದು ಮತ ಹಾಕಲ್ಲ. ಬ್ರಿಟನ್, ಸ್ವಿಟ್ಜರ್ಲೆಂಡ್, ನಾರ್ವೆ ಆ ಖಂಡದಲ್ಲಿವೆ, ಒಕ್ಕೂಟದಲ್ಲಿಲ್ಲ.

ಇನ್ನೂ ಒಂದು ಹೊಂಡ ಇದೆ. ಯುರೋಪಿಯನ್ ಕೌನ್ಸಿಲ್ ಅಂದ್ರೆ ಸದಸ್ಯ ದೇಶಗಳ ಪ್ರಧಾನಿ, ಅಧ್ಯಕ್ಷರ ಕೂಟ. ಕೌನ್ಸಿಲ್ ಆಫ್ ದಿ ಇಯು ಅಂದ್ರೆ ಕಾನೂನಿಗೆ ಮತ ಹಾಕೋ ಮಂತ್ರಿಗಳ ಸಭೆ. ಕೌನ್ಸಿಲ್ ಆಫ್ ಯುರೋಪ್ ಅಂದ್ರೆ ಒಕ್ಕೂಟಕ್ಕೆ ಸಂಬಂಧವೇ ಇಲ್ಲದ, 46 ದೇಶಗಳ ಬೇರೆ ಸಂಸ್ಥೆ. ಮೂರನ್ನೂ ‘ಯುರೋಪ್ ಮಂಡಳಿ’ ಅಂತ ಬರೆದರೆ ಸಾರಾಂಶ ಮುಗೀತು. ಕ್ರಿಯಾಪದದ ಮುಂದೆ ಯಾವಾಗಲೂ ಒಬ್ಬ ಕರ್ತೃ ಇರಲಿ, ಪೂರ್ತಿ ಹೆಸರಿನೊಂದಿಗೆ.

ಕೊನೇ ಪ್ಯಾರಾದಿಂದ ಓದಿ

ಪತ್ರಿಕೆಯವರು ಸುದ್ದಿನ ತಲೆಕೆಳಗಾದ ಪಿರಮಿಡ್ ಥರ ಬರೀತಾರೆ. ಹೊಸದು, ಮುಖ್ಯವಾದದ್ದು ಮೇಲೆ, ಹಿನ್ನೆಲೆ ಕೆಳಗೆ. ಜಾಗ ಸಾಲದಿದ್ರೆ ಕೆಳಗಿಂದ ಕತ್ತರಿಸಬಹುದು ಅಂತ. ನಾವೂ ಸಾರಾಂಶ ಅಂದ್ರೆ ಮೊದಲ ಮೂರು ಪ್ಯಾರಾ ಎತ್ತಿ ಇಡ್ತೀವಿ.

ಆ ವರದಿಯನ್ನ ಬರೆದದ್ದು ದಿನಾ ಯುರೋಪಿನ ಸುದ್ದಿ ಓದೋರಿಗೆ. ಅವರಿಗೆ ಹಿನ್ನೆಲೆ ಗೊತ್ತಿದೆ, ಅದಕ್ಕೇ ಕೆಳಗೆ ಹಾಕಿದ್ದಾರೆ. ನಮಗೆ ಗೊತ್ತಿಲ್ಲ. ಕಾನೂನು ಯಾವುದು, ಯಾವ ಸರಕು, ಯಾವ ತಾರೀಕು ಅನ್ನೋದೆಲ್ಲ ನಾನು ಓದಿದ ವರದಿಯಲ್ಲೂ ಕೊನೇ ಭಾಗದಲ್ಲಿತ್ತು. ವಿದೇಶಿ ಸುದ್ದಿಯ ಸಾರಾಂಶದಲ್ಲಿ ಆ ಕೆಳಗಿನ ಒಂದು ವಾಕ್ಯವನ್ನ ಎತ್ತಿ ಮೇಲೆ ತರಬೇಕು. ನಾನೀಗ ಕೊನೇ ನಾಲ್ಕು ಪ್ಯಾರಾ ಮೊದಲು ಓದ್ತೀನಿ, ಆಮೇಲೆ ಮೇಲಿಂದ ಶುರು ಮಾಡ್ತೀನಿ.

ಯಾರು ಹೇಳಿದ್ದು ಅನ್ನೋದನ್ನ ಬಿಡಬೇಡಿ

ಪದ ಉಳಿಸೋಕೆ ನಾವು ಮೊದಲು ಕಿತ್ತು ಹಾಕೋದು ‘ಎಂದು ಹೇಳಿದರು’ ಅನ್ನೋದನ್ನ. ಇದು ಅಪಾಯ. ನವೆಂಬರ್ 14ರ ತಿದ್ದುಪಡಿಗಳನ್ನ ತಂದದ್ದು ಬಲ-ಮಧ್ಯ ಪಂಥದ ಯುರೋಪಿಯನ್ ಪೀಪಲ್ಸ್ ಪಾರ್ಟಿ. ಕಾಡು ಸ್ಥಿರವಾಗಿರೋ ದೇಶಗಳಿಗೆ ಕಾಗದಪತ್ರದ ಹೊರೆ ಯಾಕೆ ಅನ್ನೋದು ಅವರ ವಾದ. ಇದು ಕಾನೂನಿಗೇ ತೂತು ಕೊರೆಯತ್ತೆ ಅನ್ನೋದು ವಿರೋಧಿಸಿದವರ, ಪರಿಸರ ಸಂಘಟನೆಗಳ ವಾದ. ನಾನು ‘ಕಾನೂನನ್ನು ದುರ್ಬಲಗೊಳಿಸಿದೆ’ ಅಂತ ನನ್ನ ಸ್ವಂತ ಮಾತಿನ ಥರ ಬರೆದಿದ್ದೆ. ಅದು ಒಂದು ಪಕ್ಷದ ಮಾತು. ಹಾಗೇ ‘ಬೆಳೆಗಾರರಿಗೆ ನೆಮ್ಮದಿ’ ಅನ್ನೋದು ವರದಿಯಲ್ಲಿ ಇರಲೇ ಇಲ್ಲ, ನನ್ನ ಆಸೆ ಅದು. ಸಾರಾಂಶದೊಳಗೆ ನಮ್ಮ ಆಸೆ ಸದ್ದಿಲ್ಲದೆ ಸೇರಿಕೊಳ್ಳತ್ತೆ, ಅದೂ ನಮ್ಮ ಮನೆಗೆ ತಾಕೋ ವಿಷಯ ಆದ್ರೆ ಇನ್ನೂ ಬೇಗ.

ಯಾವ ಸಂಖ್ಯೆ ಇಡಬೇಕು?

ಆ ಮತದಾನದಲ್ಲಿ ಪರವಾಗಿ 371, ವಿರುದ್ಧ 240, ತಟಸ್ಥ 30. ನಾನು ಮೂರನ್ನೂ ಬರೆದಿದ್ದೆ. ಡಿಸೆಂಬರ್ 30 ಬರೆದಿರಲಿಲ್ಲ. ಇಂಜಿನಿಯರ್‌ಗಳಾಗೋರು ನಾವು, ಯಾವ ಅಂಕಿ ಫಲಿತಾಂಶ ಬದಲಿಸತ್ತೆ ಅಂತ ನೋಡಬೇಕಿತ್ತು. 371ರ ಬದಲು 380 ಆಗಿದ್ದರೂ ಅಪ್ಪನ ಕೆಲಸ ಬದಲಾಗ್ತಿರಲಿಲ್ಲ. ತಾರೀಕು ಬದಲಾದರೆ ಎಲ್ಲಾ ಬದಲು.

ಸಂಖ್ಯೆ ವಿಷಯ ಬಂತು ಅಂತ ಇನ್ನೊಂದು ಹೇಳ್ತೀನಿ. ಈ ಕಾನೂನು ತೋಟದ ಅಕ್ಷಾಂಶ ರೇಖಾಂಶವನ್ನ ದಶಮಾಂಶದ ನಂತರ ಆರು ಅಂಕಿವರೆಗೆ ಕೇಳತ್ತೆ. ಒಂದು ಡಿಗ್ರಿ ಅಕ್ಷಾಂಶ ಅಂದ್ರೆ ಸುಮಾರು 111 ಕಿಲೋಮೀಟರ್. ಅದನ್ನ ಹತ್ತು ಲಕ್ಷದಿಂದ ಭಾಗಿಸಿ ನೋಡಿ, ಆರನೇ ಅಂಕಿಗೆ ಸುಮಾರು 11 ಸೆಂಟಿಮೀಟರ್ ಬರತ್ತೆ. ಒಂದು ಕಾಫಿ ಗಿಡದ ಬುಡದಷ್ಟು ಜಾಗ. ನಮ್ಮ ಫೋನಿನ ಜಿಪಿಎಸ್ ಬಯಲಲ್ಲೇ ಕೆಲವು ಮೀಟರ್ ಆಚೀಚೆ ಆಗತ್ತೆ, ಮರದ ನೆರಳಲ್ಲಿ ಇನ್ನೂ ಜಾಸ್ತಿ. ಅಂಕಿ ಆರು ಇದೆ ಅಂದ ಮಾತ್ರಕ್ಕೆ ಅಳತೆ ಅಷ್ಟು ನಿಖರ ಅಂತಲ್ಲ, ಲ್ಯಾಬ್‌ನಲ್ಲಿ ವರ್ನಿಯರ್ ಹಿಡಿದಾಗ ಕಲಿತದ್ದೇ ಇದು. 4 ಹೆಕ್ಟೇರ್ ಅಂದ್ರೆ ಸುಮಾರು 10 ಎಕರೆ ದಾಟಿದ ಜಮೀನಿಗೆ ಸುತ್ತಲ ಗಡಿಯ ಪೂರ್ತಿ ನಕ್ಷೆ ಬೇಕು, ಅದಕ್ಕಿಂತ ಕಡಿಮೆ ಇದ್ದರೆ ಒಂದೇ ಬಿಂದು ಸಾಕು. ನಮ್ಮ ಆರು ಎಕರೆಗೆ ಬೇಕಾಗಿದ್ದದ್ದು ಒಂದೇ ಒಂದು ಚುಕ್ಕೆ. ಅದನ್ನ ಹಾಕೋಕೆ ಬಂದವನನ್ನ ನನ್ನ ಸಾರಾಂಶ ವಾಪಸ್ ಕಳಿಸಿತ್ತು.

ಗೊತ್ತಿರೋ ಪದವೇ ಮೋಸ ಮಾಡತ್ತೆ

ಗೊತ್ತಿಲ್ಲದ ಪದಕ್ಕೆ ಡಿಕ್ಷನರಿ ನೋಡ್ತೀವಿ. ಗೊತ್ತಿರೋ ಪದಕ್ಕೆ ನೋಡಲ್ಲ. ಫಾರೆಸ್ಟ್ ಅಂದ್ರೆ ಕಾಡು, ಅದರಲ್ಲೇನಿದೆ ಅಂತ ನಾನು ಮುಂದೆ ಹೋದೆ. ಈ ಕಾನೂನಿನಲ್ಲಿ ಕಾಡು ಅಂದ್ರೆ ಅರ್ಧ ಹೆಕ್ಟೇರ್‌ಗಿಂತ ಹೆಚ್ಚು ಜಾಗ, 5 ಮೀಟರ್‌ಗಿಂತ ಎತ್ತರದ ಮರ, ಶೇ. 10ಕ್ಕಿಂತ ಹೆಚ್ಚು ಮರದ ಹೊದಿಕೆ. ಈ ಲೆಕ್ಕದಲ್ಲಿ ನಮ್ಮ ತೋಟ ಕಾಡೇ ಆಗಿಬಿಡತ್ತೆ. ಮೇಲಿಂದ ನೋಡಿದರೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ತಲೆಯೇ ಕಾಣೋದು, ಕೆಳಗಿನ ಕಾಫಿ ಕಾಣಲ್ಲ. ಬಿಸಿಲೆ ಕಾಡಿನ ಹಸಿರೂ ಪಾಳ್ಯದ ತೋಟದ ಹಸಿರೂ ಉಪಗ್ರಹದ ಚಿತ್ರದಲ್ಲಿ ಅಣ್ಣತಮ್ಮಂದಿರ ಥರ.

ಆದರೆ ಅದೇ ವ್ಯಾಖ್ಯೆಯ ಕೊನೇಲಿ ಒಂದು ಹೊರತು ಇದೆ: ಮುಖ್ಯವಾಗಿ ಕೃಷಿಗೆ ಬಳಸೋ ಜಮೀನು ಕಾಡಲ್ಲ. ಮರದ ನೆರಳಲ್ಲಿ ಬೆಳೆ ಬೆಳೆಯೋ ಪದ್ಧತಿಯನ್ನೂ ಕೃಷಿ ಅಂತಲೇ ಲೆಕ್ಕ ಹಿಡಿಯತ್ತೆ. ನಮ್ಮ ಇಡೀ ಮಲೆನಾಡಿನ ಕಾಫಿ ನಿಂತಿರೋದು ಆ ಒಂದು ಸಾಲಿನ ಮೇಲೆ. ಸಾರಾಂಶಕ್ಕೆ ಇಷ್ಟೆಲ್ಲ ಬೇಕಾ ಅಂದ್ರೆ, ಬರೆಯೋಕೆ ಬೇಡ, ಬರೆಯೋನಿಗೆ ಗೊತ್ತಿರಬೇಕು. ಇಲ್ಲದಿದ್ರೆ ‘ಮರ ಇರೋ ಜಾಗದಲ್ಲಿ ಬೆಳೆದ ಕಾಫಿ ನಿಷೇಧ’ ಅಂತ ಬರೆದುಬಿಡ್ತೀವಿ.

ಎಐ ಮಾಡಿಕೊಡಲ್ವಾ?

ಈ ಪ್ರಶ್ನೆ ಬಂದೇ ಬರತ್ತೆ ಅಂತ ಗೊತ್ತು. ಮಾಡಿಕೊಡತ್ತೆ. ಭಾಷೆ ನನ್ನದಕ್ಕಿಂತ ಚೆನ್ನಾಗೇ ಇರತ್ತೆ. ಆದರೆ ನಮ್ಮಪ್ಪನ ಆರು ಎಕರೆ ವಿಷಯ ಅದಕ್ಕೆ ನಾನು ಹೇಳಿದರೆ ಮಾತ್ರ ಗೊತ್ತು. ಯಾರಿಗೋಸ್ಕರ ಸಾರಾಂಶ, ಅವರು ಅದನ್ನ ಓದಿ ಏನು ಮಾಡ್ತಾರೆ ಅನ್ನೋದನ್ನ ನಾವೇ ಯೋಚಿಸಬೇಕು. ಆಮೇಲೆ ಅದು ಕೊಟ್ಟದ್ದನ್ನ ಮೂಲ ವರದಿ ಪಕ್ಕ ಇಟ್ಟು, ಯಾರು, ಯಾವ ಹಂತ, ಯಾವತ್ತಿನಿಂದ ಅಂತ ಮೂರು ಟಿಕ್ ಹಾಕಿ. ಟಿಕ್ ಹಾಕೋಕೆ ವರದಿ ಓದಲೇಬೇಕು. ಓದಿದ ಮೇಲೆ ಬರೆಯೋದು ಅಷ್ಟೇನೂ ಕಷ್ಟ ಅಲ್ಲ.

ತಿದ್ದಿ ಬರೆದದ್ದು

ಮೇಡಂ ಇನ್ನೊಂದು ಅವಕಾಶ ಕೊಟ್ಟರು. 150 ಪದವನ್ನ ಹಂಚಿಕೊಂಡೆ: ಏನಾಯ್ತು ಅನ್ನೋದಕ್ಕೆ 35, ಹಿನ್ನೆಲೆಗೆ 45, ಎರಡೂ ಕಡೆಯ ವಾದಕ್ಕೆ 40, ಮುಂದೇನು ಅನ್ನೋದಕ್ಕೆ 30. ಎರಡನೇ ಸಲ ಬರೆದದ್ದರ ಕನ್ನಡ ರೂಪ ಇದು:

‘ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಸೇರಿ ಏಳು ಸರಕುಗಳ ಮಾರಾಟ ತಡೆಯುವ ಯುರೋಪಿಯನ್ ಒಕ್ಕೂಟದ ಕಾನೂನನ್ನು ಒಂದು ವರ್ಷ ಮುಂದೂಡಲು ಯುರೋಪಿಯನ್ ಪಾರ್ಲಿಮೆಂಟ್ ನವೆಂಬರ್ 14ರಂದು ಮತ ಹಾಕಿತು. 2023ರಲ್ಲೇ ಅಂಗೀಕಾರವಾದ ಈ ಕಾನೂನು ದೊಡ್ಡ ಕಂಪನಿಗಳಿಗೆ 2024ರ ಡಿಸೆಂಬರ್ 30ರಿಂದ ಅನ್ವಯವಾಗಬೇಕಿತ್ತು. ಅಪಾಯವಿಲ್ಲದ ದೇಶಗಳೆಂಬ ಹೊಸ ವರ್ಗವನ್ನೂ ಪಾರ್ಲಿಮೆಂಟ್ ಸೇರಿಸಿದೆ. ಇದರಿಂದ ಅನಗತ್ಯ ಹೊರೆ ತಪ್ಪುತ್ತದೆ ಎಂದು ಬೆಂಬಲಿಗರು, ಕಾನೂನಿನಲ್ಲಿ ತೂತು ಬೀಳುತ್ತದೆ ಎಂದು ವಿರೋಧಿಗಳು ಹೇಳಿದ್ದಾರೆ. ಇದು ಅಂತಿಮ ತೀರ್ಮಾನವಲ್ಲ. ಸದಸ್ಯ ದೇಶಗಳ ಮಂತ್ರಿಗಳ ಕೌನ್ಸಿಲ್ ಜೊತೆ ಒಪ್ಪಂದವಾಗಬೇಕು. ಅಲ್ಲಿಯವರೆಗೆ ಹಳೆಯ ದಿನಾಂಕವೇ ಉಳಿಯುತ್ತದೆ.’

ಭಾಷೆಯಲ್ಲಿ ಇದು ಮೊದಲಿನದಕ್ಕಿಂತ ಸಪ್ಪೆ. ಆದರೆ ಕೊನೇ ಮೂರು ವಾಕ್ಯ ಮೊದಲೇ ಇದ್ದಿದ್ದರೆ ಆ ಹುಡುಗ ವಾಪಸ್ ಹೋಗ್ತಿರಲಿಲ್ಲ. ಎಂಟು ಮಾರ್ಕ್ಸ್ ಬಂತು. ಆಮೇಲೆ ಅಪ್ಪನಿಗೆ ಫೋನ್ ಮಾಡಿ, ಕನ್ನಡದಲ್ಲೇ ನಿಧಾನಕ್ಕೆ ಓದಿ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, ‘ಹಂಗಾದ್ರೆ ಆ ಇಬ್ರಿಗೂ ನಾನೇ ಹೋಗಿ ಹೇಳ್ಬೇಕು’ ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರ ಆಗ್ತಿತ್ತು.

ಆಮೇಲೆ ಏನಾಯ್ತು

2024ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟ್, ಕೌನ್ಸಿಲ್ ಎರಡೂ ಒಪ್ಪಿ ದೊಡ್ಡ ಕಂಪನಿಗಳಿಗೆ ತಾರೀಕು 2025ರ ಡಿಸೆಂಬರ್ 30ಕ್ಕೆ ಹೋಯ್ತು. ‘ಅಪಾಯವಿಲ್ಲದ ದೇಶ’ ಅನ್ನೋ ವರ್ಗ ಮಾತುಕತೆಯಲ್ಲಿ ಬಿದ್ದುಹೋಯ್ತು. ಅಂದ್ರೆ ನವೆಂಬರ್‌ನ ಹೆಡ್‌ಲೈನ್‌ನ ಅರ್ಧ ಭಾಗ ನಿಜವಾಗಲೇ ಇಲ್ಲ. 2025ರ ಮೇ ತಿಂಗಳಲ್ಲಿ ದೇಶಗಳ ಪಟ್ಟಿ ಬಂತು, ಭಾರತ ‘ಕಡಿಮೆ ಅಪಾಯ’ದ ಗುಂಪಿಗೆ ಸೇರಿತು. ನಮ್ಮೂರಲ್ಲಿ ಅದು ‘ಭಾರತಕ್ಕೆ ವಿನಾಯಿತಿ’ ಅಂತ ಹಬ್ಬಿತು. ಪಟ್ಟಿಯ ಅರ್ಥ ಅದಲ್ಲ. ಆಮದು ಕಂಪನಿಗಳ ಮೇಲಿನ ತಪಾಸಣೆ ಕಡಿಮೆ, ಹೊಣೆಗಳೂ ಸ್ವಲ್ಪ ಸರಳ, ಆದರೆ ಜಾಗದ ಗುರುತು ಬೇಕೇ ಬೇಕು ಅಂತ. 2025ರ ಡಿಸೆಂಬರ್‌ನಲ್ಲಿ ಎರಡನೇ ಸಲ ಮುಂದೂಡಿದರು: ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ಹಾಗಾಗಿ ಸಾರಾಂಶದ ಮೇಲೆ ನೀವು ಬರೆದ ದಿನಾಂಕ ಹಾಕೋದನ್ನ ಮರೀಬೇಡಿ. ಹಾಲಿನ ಪ್ಯಾಕೆಟ್ ಥರ ಸುದ್ದಿಗೂ ಒಂದು ತಾರೀಕು ಇರತ್ತೆ.

ಆ ಹುಡುಗ ಮತ್ತೆ ಬಂದದ್ದು ಮಾರ್ಚ್‌ನಲ್ಲಿ, ಹೂಮಳೆ ಕಾಯ್ತಿದ್ದ ದಿನಗಳಲ್ಲಿ. ಅಪ್ಪ ತಾವೇ ತೋಟದ ಮಧ್ಯಕ್ಕೆ ಕರ್ಕೊಂಡು ಹೋಗಿ ನಿಲ್ಲಿಸಿದರಂತೆ. ಪಕ್ಕದ ಎರಡು ತೋಟಕ್ಕೂ ಜೊತೇಲಿ ಹೋದರಂತೆ.

ಈಗ ನಾನು ಮನೆಗೆ ಫೋನ್ ಮಾಡಿ ಯಾವುದಾದರೂ ಸುದ್ದಿ ಹೇಳಿದರೆ ಅಪ್ಪ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕ್ತಾರೆ: ‘ಮಾಡ್ತೀವಿ ಅಂದವ್ರಾ, ಮಾಡವ್ರಾ?’ ನಮ್ಮ ಮೇಡಂ ಮಾರ್ಜಿನ್‌ನಲ್ಲಿ ಬರೆದದ್ದೂ ಹೆಚ್ಚುಕಮ್ಮಿ ಅದೇ. ಈ ಸಲ ನೀವು ಅಸೈನ್‌ಮೆಂಟ್ ಕೊಡೋ ಮುಂಚೆ, ಹಾಳೆ ಪಕ್ಕಕ್ಕಿಟ್ಟು ಮನೆಯವರಿಗೆ ಒಂದು ಫೋನ್ ಮಾಡಿ. ಬರೆದದ್ದನ್ನ ನಿಮ್ಮೂರ ಮಾತಲ್ಲಿ ಹೇಳಿ ನೋಡಿ. ಅವರು ಮರುಪ್ರಶ್ನೆ ಕೇಳಿ, ನಿಮ್ಮ ಹತ್ತಿರ ಉತ್ತರ ಇಲ್ಲ ಅಂದ್ರೆ, ವರದಿಯನ್ನ ಇನ್ನೊಂದು ಸಲ ಓದೋದು ಬಾಕಿ ಇದೆ.